ಕಿಟಕಿ ಬಲಕ್ಕೆ ಬರುವ ಸೀಟು

ಸಂಕ್ರಾಂತಿಗೆ ನಾಲ್ಕು ದಿನ ಇದೆ ಎನ್ನುವಾಗ ಕೊಬ್ಬರಿ ಹೆಚ್ಚಲು ಕೂರುವುದು ನನ್ನ ಹಳೆಯ ಪದ್ಧತಿ. ಎಳ್ಳು, ಬೆಲ್ಲ, ಕಡಲೆಬೀಜ, ಕೊಬ್ಬರಿ ಎಲ್ಲ ಬೆರೆಸಿದ ಪೊಟ್ಟಣವೇ ಅಂಗಡಿಯಲ್ಲಿ ಸಿಗುವಾಗ ಈ ಒದ್ದಾಟ ಯಾಕೆ ಎಂದು ಮಗಳು ಶೈಲ ಪ್ರತಿವರ್ಷ ಕೇಳುತ್ತಾಳೆ. ನಾನೂ ಪ್ರತಿವರ್ಷ ಕೇಳಿಸದವಳ ಹಾಗೆ ಅಡಕತ್ತರಿ ಹುಡುಕುತ್ತೇನೆ. ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯ ತಿರುಳನ್ನು ಸಣ್ಣಗೆ ಹೆಚ್ಚುತ್ತ ಹೋದರೆ ಬೆರಳಿಗೆಲ್ಲ ಎಣ್ಣೆ ಅಂಟಿ ಒಂದು ವಾಸನೆ ಏಳುತ್ತದೆ. ನೀವೂ ಕೊಬ್ಬರಿ ಹೆಚ್ಚಿದವರಾದರೆ ನಿಮಗೆ ಗೊತ್ತು, ಅದು ಕೈ ತೊಳೆದರೂ ಹೋಗುವುದಿಲ್ಲ.

ಶೈಲ ಪಕ್ಕದಲ್ಲಿ ಕೂತು ಮೊಬೈಲು ನೋಡುತ್ತಿದ್ದಳು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು, ಹೆಚ್ಚು ಖರ್ಚಿಲ್ಲದೆ ನೋಡಿಕೊಂಡು, ಸಂಜೆಗೆ ಮನೆ ಸೇರಬಹುದಾದ ಊರುಗಳ ಪಟ್ಟಿಯನ್ನು ಯಾರೋ ಬರೆದಿದ್ದರಂತೆ. ಒಂದೊಂದನ್ನೇ ಓದುತ್ತ ಬಂದವಳು, "ಅಮ್ಮ, ತಿಪಟೂರು ಅಂತೆ. ಅಲ್ಲೇನಿದೆ?" ಎಂದಳು.

"ಅಲ್ಲೇನೂ ಇಲ್ಲ" ಎಂದೆ.

ನಾನು ಹೇಳುವ ಸುಳ್ಳುಗಳಲ್ಲಿ ಇದು ತೀರ ಹಳೆಯದು. ನಿಜವಾಗಿ, ಇಂಥ ಪ್ರವಾಸಗಳಲ್ಲಿ ನಾನು ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಪಳಗಿದವಳು. ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ನಾವಿದ್ದದ್ದು ಹತ್ತು ಮನೆಗಳ, ಒಂದೇ ನಲ್ಲಿಯ ವಠಾರ. ಅಂಥ ಮನೆಯವರು ಪ್ರವಾಸ ಹೋಗುವುದೆಂದರೆ ಸಣ್ಣ ಸುದ್ದಿಯಲ್ಲ. ಆದರೆ ಒಂದೂವರೆ ವರ್ಷದ ಅವಧಿಯಲ್ಲಿ ನಾವು ಏಳೆಂಟು ಸಲವಾದರೂ ಹೋಗಿಬಂದೆವು. ಅಪ್ಪ, ಗಿರಿಜಕ್ಕ ಮತ್ತು ಅರ್ಧ ಟಿಕೆಟ್ಟಿನ ನಾನು. ಅಮ್ಮ ಬರುತ್ತಿರಲಿಲ್ಲ. ಬೆಳಗಿನ ಜಾವವೇ ಎದ್ದು ಚಿತ್ರಾನ್ನ ಕಲಸಿ, ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟು, ಅಕ್ಕನ ಸೆರಗು ಸರಿಮಾಡಿ, ದೇವರ ಮುಂದೆ ಕೂರುತ್ತಿದ್ದಳು. ಊರು ನೋಡಲು ಹೋಗುವವರಿಗಾಗಿ ಅಮ್ಮ ಅಷ್ಟು ಹೊತ್ತು ಪೂಜೆ ಮಾಡುವುದು ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಚೂಟಿ ಹುಡುಗಿ ಎಂದು ವಠಾರದಲ್ಲೆಲ್ಲ ಹೆಸರು ಪಡೆದಿದ್ದೆ, ನೋಡಿ!

ಆಗಿನದು ಹೊಗೆಗಾಡಿ. ಕಿಟಕಿಯ ಆಚೆ ತಲೆ ಹಾಕಿದರೆ ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತಿತ್ತು. ಅಕ್ಕ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ ನನ್ನ ಕಣ್ಣಿಗೆ ಒತ್ತುತ್ತಿದ್ದಳು. ಗಾಡಿ ಹತ್ತಿದ ಕೂಡಲೇ ನಾವು ಕಿಟಕಿ ಬಲಕ್ಕೆ ಬರುವ ಸೀಟನ್ನೇ ಹುಡುಕುತ್ತಿದ್ದೆವು. ಇದು ಅಕ್ಕನ ಕಾಯಿದೆ. ಕಿಟಕಿಯ ಪಕ್ಕ ನಾನು, ನನ್ನ ಎಡಗಡೆ ಅಕ್ಕ, ಅವಳ ಆಚೆ ಅಪ್ಪ. ಬಲಗಡೆಯ ಕಿಟಕಿಯಲ್ಲೇ ಒಳ್ಳೊಳ್ಳೆಯ ದೃಶ್ಯಗಳು ಬರುತ್ತವೆ ಎಂದು ನಾನು ಬಹಳ ದಿನ ನಂಬಿದ್ದೆ.

ಕಾರಣ ಬೇರೆ. ಅಕ್ಕನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು, ಕಿವಿ ಸೋರಿ ಹಾಗಾಗಿತ್ತು. ಅವಳ ಬಲಕ್ಕೆ ಕೂತರೆ ಮಾತ್ರ ನನ್ನ ವಟವಟವೆಲ್ಲ ಅವಳಿಗೆ ತಲುಪುತ್ತಿತ್ತು. ಗುಬ್ಬಿ, ನಿಟ್ಟೂರು, ಬಾಣಸಂದ್ರ ದಾಟಿ ತಿಪಟೂರು ಬರುವವರೆಗೆ ನಾನು ಬಾಯಿ ಮುಚ್ಚುತ್ತಿರಲಿಲ್ಲ, ಅವಳು ಹೂಂಗುಟ್ಟುವುದನ್ನು ನಿಲ್ಲಿಸುತ್ತಿರಲಿಲ್ಲ. ಮನೆಯಲ್ಲಿ ಈ ಕಿವಿಯ ವಿಷಯ ಒಂದು ವಿಷಯವೇ ಆಗಿರಲಿಲ್ಲ. ಬಾಗಿಲು ತಗ್ಗಿದ್ದರೆ ತಲೆ ಬಗ್ಗಿಸುವಂತೆ, ಅಕ್ಕನ ಜೊತೆ ಮಾತಾಡುವಾಗ ಬಲಗಡೆ ಹೋಗುತ್ತಿದ್ದೆವು. ಅದು ಮುಚ್ಚಿಡಬೇಕಾದ ಸಂಗತಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಯಾಕೆ ಎನ್ನುತ್ತಿದ್ದೆ. ಯಾಕೆ ಎಂದು ಹೇಳಿದ್ದರೆ ಪ್ರವಾಸದ ಗುಟ್ಟು ಹೊರಬೀಳುತ್ತಿತ್ತು.

ಆ ಗುಟ್ಟನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ನನಗೆ ಗೊತ್ತಾದದ್ದು ತಡವಾಗಿ. ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ವಠಾರದಲ್ಲಿ ಹೆಣ್ಣು ನೋಡುವ ಶಾಸ್ತ್ರ ಮಾಡಿದರೆ ಉಪ್ಪಿಟ್ಟಿನ ಒಗ್ಗರಣೆ ವಾಸನೆಯಲ್ಲೇ ಒಂಬತ್ತು ಮನೆಗೂ ತಿಳಿಯುತ್ತದೆ. ಗಂಡಿನವರು ಬೇಡ ಎಂದರೆ ನಲ್ಲಿಯ ಹತ್ತಿರ ಕೊಡ ಇಟ್ಟವರೆಲ್ಲ ಏನಾಯ್ತು, ಏನಾಯ್ತು ಎನ್ನುತ್ತಾರೆ. ಎರಡು ಸಲ ಹಾಗಾದ ಮೇಲೆ ಅಕ್ಕ ನೀರಿಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಆಗ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ದೂರದ ನೆಂಟ ಸೋಮಣ್ಣ ಈ ಉಪಾಯ ಹೇಳಿಕೊಟ್ಟರು. "ನೀವು ಸುಮ್ನೆ ಊರು ನೋಡಾಕೆ ಬಂದಂಗೆ ಬನ್ನಿ. ದೇವಸ್ಥಾನದಾಗೋ ತೋಟದಾಗೋ ಅವ್ರೂ ಸಿಕ್ಕಂಗೆ ಸಿಕ್ತಾರೆ. ಆದ್ರಾಯ್ತು. ಇಲ್ದಿದ್ರೆ ಊರು ನೋಡಾಕೆ ಬಂದಿದ್ರು, ನೋಡ್ಕೊಂಡು ಹೋದ್ರು, ಅಷ್ಟೆ ಕಣ್ರೀ." ಬೆಳೆದ ಮಗಳೊಬ್ಬಳನ್ನೇ ಕರೆದುಕೊಂಡು ಹೋದರೆ ಜನಕ್ಕೆ ಅನುಮಾನ ಬರುತ್ತದೆ. ಜೊತೆಗೊಂದು ಮಗು ಇದ್ದರೆ ಅದು ಪ್ರವಾಸವೇ. ನಾನು ಆ ಮಗು.

ಹೀಗೆ ಸಂಪಿಗೆಗೆ ಹೋದೆವು. ಬಾಣಸಂದ್ರದಲ್ಲಿ ಇಳಿದು, ತುರುವೇಕೆರೆಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು. "ಶಿವನ ಒಕ್ಕಲು ಶ್ರೀನಿವಾಸನ ಗುಡಿಗೆ ಯಾಕಪ್ಪ?" ಎಂದು ಕೇಳಿದ್ದಕ್ಕೆ ಅಪ್ಪ, "ಊರು ನೋಡೋಕೆ ಬಂದೋರಿಗೆ ಹರಿಯಾದ್ರೇನು ಹರನಾದ್ರೇನು, ಪ್ರದಕ್ಷಿಣೆ ಹಾಕವ್ವ" ಎಂದಿದ್ದರು. ಅಲ್ಲಿ ನಮ್ಮ ಹಿಂದೆಯೇ ಪ್ರದಕ್ಷಿಣೆ ಹಾಕಿದ ಹೆಂಗಸರಿಬ್ಬರು ಅಕ್ಕನ ಹೆಸರು, ವಯಸ್ಸು, ಓದು ಎಲ್ಲ ವಿಚಾರಿಸಿದರು. ಚಿಕ್ಕನಾಯಕನಹಳ್ಳಿಯಲ್ಲಿ ಹೆಂಗಸೊಬ್ಬರು ಅಕ್ಕನ ಜಡೆಯನ್ನು ಎತ್ತಿ ನೋಡಿ ಸ್ವಂತದ್ದೇ ಎಂದು ಖಾತ್ರಿ ಮಾಡಿಕೊಂಡರು. ಹೊನ್ನವಳ್ಳಿಯಲ್ಲಿ ಎಳನೀರು ಕೊಟ್ಟ ಅಜ್ಜಿಯೊಬ್ಬರು, "ಆ ಬೇಲಿತಾವ್ಲಿಂದ ಈ ಕಡೀಕೆ ನಡ್ಕೊಂಡು ಬಾ ಮಗ" ಎಂದು ಅಕ್ಕನನ್ನು ಎರಡು ಸಲ ನಡೆಸಿದರು. ಎಲ್ಲ ಕಡೆಯೂ ನಮಗೆ ಹೊಟ್ಟೆ ತುಂಬ ಎಳನೀರು, ಹೊರಡುವಾಗ ಚೀಲ ತುಂಬ ಕಾಯಿ. ಇಂಥ ಸೀಮೆ ಬೇರೆ ಎಲ್ಲಿದೆ?

ನಾನು ಶಾಲೆಯಲ್ಲಿ 'ನಾನು ಕಂಡ ಊರುಗಳು' ಎಂದು ಪ್ರಬಂಧ ಬರೆದೆ. "ತೆಂಗಿನ ಸೀಮೆಯ ಜನರು ಬಹಳ ಪ್ರೀತಿಯುಳ್ಳವರು. ಅವರು ನನ್ನ ಅಕ್ಕನ ಕ್ಷೇಮವನ್ನು ಕೇಳುತ್ತಾರೆ. ಅವಳನ್ನು ನಡೆಸಿ ನೋಡುತ್ತಾರೆ" ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ನಮ್ಮ ಮೇಡಂ ಅದನ್ನು ಓದಿ ನಕ್ಕರು. ನಕ್ಕವರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, "ನಿಮ್ಮಕ್ಕನಿಗೆ ವಯಸ್ಸೆಷ್ಟಮ್ಮ?" ಎಂದು ಕೇಳಿದರು. ಇಪ್ಪತ್ಮೂರು ಎಂದೆ. ಅವರು ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟರು. ನನ್ನ ಭಾಷೆ ಚೆನ್ನಾಗಿತ್ತು ಎಂದುಕೊಂಡೆ. ಮನೆಗೆ ಬಂದು ಅಕ್ಕನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, "ಚೆನ್ನಾಗಿ ಬರ್ದಿದೀಯ ಕಣೇ, ಇನ್ನೊಂದು ಸಲ ಓದು" ಎಂದಳು. ಇನ್ನೊಂದು ಸಲ ಓದಿದೆ. ಇವತ್ತು ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಕೊನೆಯದಾಗಿ ಹೋದದ್ದು ಬಿಳಿಗೆರೆಗೆ. ಸೋಮಣ್ಣ ತಿಪಟೂರು ಸ್ಟೇಷನ್ನಿಗೆ ಬಂದು ನಮ್ಮನ್ನು ಬಸ್ಸು ಹತ್ತಿಸಿಕೊಂಡು ಹೋದರು. ಊರಾಚೆಯ ತೋಟದ ಮನೆ. ಎರಡೂ ಕಡೆ ತೆಂಗು, ನಡುವೆ ನೀರು ಹಾಯಿಸಿದ ತಂಪು ಮಣ್ಣು. ಅಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದಳು, ಹಸಿರು ವಾಯಿಲ್ ಸೀರೆಯ ನಿರಿಗೆಯನ್ನು ಒಂದಿಷ್ಟೇ ಎತ್ತಿಕೊಂಡು. ಆ ಮನೆಯಲ್ಲಿದ್ದವರು ತಾಯಿ ಮತ್ತು ಮಗ. ಮಗನ ಹೆಸರು ಪರಮೇಶ, ತೋಟ ನೋಡಿಕೊಂಡಿದ್ದವನು. ಕೂಲಿಯವರಿಗೆ ಕಾಯಿ ಸುಲಿಯಲು ಹೇಳಿ ಸುಮ್ಮನೆ ಕೂರದೆ ತಾನೇ ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತಿದ್ದ. ನಮ್ಮನ್ನು ಕಂಡು ನಾಚಿಕೊಂಡು ಕೈಗಂಟಿದ ನಾರನ್ನು ಪಂಚೆಗೆ ಒರೆಸಿಕೊಂಡ.

ಅಡುಗೆಮನೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಆ ಸೀಮೆಯಲ್ಲಿ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತಾರೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರೆಲ್ಲ ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಒಡೆಯುವಂತಿಲ್ಲ. ಒಡೆದ ಮೇಲೆ ಹಸಿಯಿದ್ದರೆ ಕೆಟ್ಟಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಕುಲುಕುತ್ತದೆ, ಕೊಬ್ಬರಿಯಾಗಿದ್ದರೆ ಲೊಡಲೊಡ ಎನ್ನುತ್ತದೆ. ಅಂಟಿಕೊಂಡಿದ್ದರೆ ಸದ್ದೇ ಇಲ್ಲ.

ಆ ತಾಯಿ ಸುಲಿದ ಮೂರು ಕಾಯಿಗಳನ್ನು ತಂದು ಅಕ್ಕನ ಮುಂದಿಟ್ಟರು. "ನಮ್ ಸೀಮೆ ನೋಡಾಕೆ ಬಂದಿದೀಯ, ನಮ್ ಕೆಲ್ಸ ಗೊತ್ತಾಗ್ತದಾ ನೋಡಾನ. ಇದ್ರಾಗೆ ಯಾವ್ದು ಆಗೈತೆ ಹೇಳವ್ವ" ಎಂದರು ನಗುತ್ತ.

ಅಕ್ಕ ಒಂದೊಂದನ್ನೇ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಕಣ್ಣು ಮುಚ್ಚಿ ಮೆಲ್ಲಗೆ ಅಲ್ಲಾಡಿಸಿದಳು. ಕಿವಿಯ ಹತ್ತಿರ ಒಯ್ಯಲಿಲ್ಲ.

"ಕಿವಿಗೆ ಹಿಡ್ಕೊಳವ್ವ, ಇಲ್ದಿದ್ರೆ ಹೆಂಗೆ?"

"ಬೇಡಿ, ಕೈಗೆ ಗೊತ್ತಾಗುತ್ತೆ" ಎಂದಳು ಅಕ್ಕ. ಆಮೇಲೆ, "ಇದ್ರಲ್ಲಿ ನೀರಿದೆ. ಇದು ಅಂಟ್ಕೊಂಡಿದೆ. ಇದು ಆಗಿದೆ" ಎಂದು ಮೂರನ್ನೂ ಬೇರೆ ಬೇರೆ ಇಟ್ಟಳು.

ಪರಮೇಶ ಮಚ್ಚು ತಂದು ಮೊದಲನೆಯದನ್ನು ಒಡೆದ. ನೀರು ಚೆಲ್ಲಿತು. ಎರಡನೆಯದರ ತಿರುಳು ಚಿಪ್ಪಿಗೆ ಅಂಟಿಕೊಂಡೇ ಇತ್ತು. ಮೂರನೆಯದನ್ನು ಎತ್ತಿಕೊಂಡವನು ಒಡೆಯಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಅಕ್ಕನನ್ನು ನೋಡಿದ. ಆ ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ನಮ್ಮತ್ತೆ ಹಿಂಗೇ ಹೇಳೋರು ಕಣ್ಲಾ ಪರಮೇಶ. ಈ ಮಗೀಗೆ ಯಾರು ಕಲ್ಸಿದ್ರು?" ಅಪ್ಪನ ಮುಖದಲ್ಲಿ ಆ ಒಂದೂವರೆ ವರ್ಷದಲ್ಲಿ ನಾನು ಕಾಣದ ಒಂದು ಬೆಳಕು ಇತ್ತು. ಸೋಮಣ್ಣ ಅಪ್ಪನ ತೊಡೆ ಚಿವುಟಿದರು.

ನನಗೆ ಹೆಮ್ಮೆಯಿಂದ ಎದೆ ಉಬ್ಬಿಹೋಯಿತು. ನಮ್ಮಕ್ಕ ಎಂಥವಳು ಎಂದು ಇವರಿಗೆ ಇನ್ನೂ ಪೂರ್ತಿ ಗೊತ್ತಿಲ್ಲವಲ್ಲ ಎನ್ನಿಸಿತು. ಎದ್ದು ನಿಂತು ಹೇಳಿದೆ: "ನಮ್ಮಕ್ಕಂಗೆ ಎಡಗಿವಿ ಕೇಳ್ಸೋದೇ ಇಲ್ಲ! ಆದ್ರೂ ಎಲ್ಲಾನೂ ಸರಿಯಾಗಿ ಹೇಳ್ಬಿಟ್ಲು ನೋಡಿ!"

ಆ ತಾಯಿ ಮೂಗಿನ ಮೇಲಿನ ಬೆರಳನ್ನು ತೆಗೆದರು. ನಂಬಲಿಲ್ಲವೇನೋ ಎಂದುಕೊಂಡೆ. "ನಿಜವಾಗ್ಲೂ. ಬೇಕಾದ್ರೆ ನೋಡಿ" ಎಂದು ಅಕ್ಕನ ಎಡಗಡೆ ಹೋಗಿ, ಅವಳ ಕಿವಿಯ ಹತ್ತಿರ ಬಾಯಿಟ್ಟು, ಮೆಲ್ಲಗೆ "ಗಿರಿಜಕ್ಕ" ಎಂದು ಕರೆದೆ.

ಅಕ್ಕ ತಿರುಗಲಿಲ್ಲ. ನೆಲ ನೋಡುತ್ತ ಕೂತಿದ್ದಳು. ನಾನು ಗೆದ್ದವಳಂತೆ ಎಲ್ಲರ ಮುಖ ನೋಡಿದೆ.

ಆ ತಾಯಿ ಒಳ್ಳೆಯವರು. ಗದರಲಿಲ್ಲ, ಮುಖ ಸಿಂಡರಿಸಲಿಲ್ಲ. "ಹುಟ್ದಾಗ್ಲಿಂದ್ಲಾ?" ಎಂದಷ್ಟೇ ಅಪ್ಪನನ್ನು ಕೇಳಿದರು. ಅಪ್ಪ ಜ್ವರ, ಕಿವಿ ಸೋರಿದ್ದು ಎಂದು ಏನೇನೋ ತೊದಲಿದರು. "ಕೈಗೆ ಕೇಳಿಸ್ತದಲ್ಲವ್ವ, ಇನ್ನೇನಾಗ್ಬೇಕು" ಎಂದ ಪರಮೇಶ. "ನೀನ್ ಸುಮ್ಕಿರ್ಲಾ" ಎಂದು ಅವರು ಒಳಗೆ ಹೋಗಿ ಕಾಫಿ ತಂದರು. ಕಾಫಿ ಚೆನ್ನಾಗಿತ್ತು, ನಾನು ಎರಡು ಲೋಟ ಕುಡಿದೆ.

ಹೊರಡುವಾಗ ಪರಮೇಶ ತೋಟದ ಬೇಲಿಯವರೆಗೆ ಬಂದ. ಅಕ್ಕನ ಬಲಗಡೆಗೆ ಸುತ್ತಿಕೊಂಡು ಬಂದು ನಿಂತು, ಆ ಒಡೆಯದ ಮೂರನೆಯ ಕಾಯನ್ನು ಅವಳ ಕೈಗೆ ಕೊಟ್ಟ. "ಇದು ನಿಮ್ದು ಕಣ್ರೀ. ನೀವು ಹೇಳಿದ್ದು ಸರಿಯಾಗೈತೆ, ಒಡ್ದು ನೋಡ್ಬೇಕಾಗಿಲ್ಲ" ಎಂದ. ಅಕ್ಕ ತಲೆಯೆತ್ತಿ ಒಂದು ಸಲ ಅವನನ್ನು ನೋಡಿದಳು. ಅಷ್ಟೆ.

ಸ್ಟೇಷನ್ನಿನಲ್ಲಿ ಸೋಮಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. "ಏನವ್ವ ಪುಟ್ಟಿ, ಹಿಂಗ್ ಮಾಡ್ಬುಟ್ಟೆ. ಕೈಗೆ ಬಂದಿತ್ತಲ್ಲವ್ವ ಸಂಬಂಧ" ಎಂದರು. ಅಪ್ಪ, "ಬುಡು ಸೋಮಣ್ಣ, ಮಗು" ಎಂದು ಆಚೆ ಮುಖ ತಿರುಗಿಸಿದರು. ಸಂಪಿಗೆಯ ಹೆಂಗಸರು, ಜಡೆ ಎತ್ತಿದವರು, ಹೊನ್ನವಳ್ಳಿಯ ಅಜ್ಜಿ, ಅಮ್ಮನ ಪೂಜೆ ಎಲ್ಲವೂ ಆ ಕಲ್ಲುಬೆಂಚಿನ ಮೇಲೆ ಕೂತಲ್ಲೇ ನನಗೆ ಅರ್ಥವಾಯಿತು.

ಗಾಡಿ ಬಂತು. ಎಂದಿನಂತೆ ಕಿಟಕಿ ಬಲಕ್ಕೆ ಬರುವ ಸೀಟು ಸಿಕ್ಕಿತು. ನಾನು ಕಿಟಕಿಯ ಕಡೆ ಸರಿಯುತ್ತಿದ್ದಾಗ ಅಕ್ಕ, "ಇವತ್ತು ನಾನು ಕೂತ್ಕೋತೀನಿ" ಎಂದು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ನಾನು ಈಚೆ ಕೂತೆ. ಅವಳ ಎಡಗಿವಿ ನನ್ನ ಕಡೆಗಿತ್ತು. ಅವಳ ಮಡಿಲಲ್ಲಿ ಆ ಕಾಯಿ ಇತ್ತು. ಬಾಣಸಂದ್ರ ದಾಟಿದ ಮೇಲೆ ಧೈರ್ಯ ಮಾಡಿ, ಅತ್ತುಕೊಂಡು, "ಅಕ್ಕ, ತಪ್ಪಾಯ್ತು ಕಣೇ" ಎಂದೆ. ಅವಳು ಹೊರಗೆ ನೋಡುತ್ತಿದ್ದಳು. ನಿಟ್ಟೂರಿನಲ್ಲಿ ಇನ್ನೊಂದು ಸಲ ಹೇಳಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವಳ ಬಲಗಡೆ ಹೋಗಿ ಹೇಳಲು ಅಲ್ಲಿ ಜಾಗವಿರಲಿಲ್ಲ, ಬರೀ ಕಿಟಕಿ.

ಬಿಳಿಗೆರೆಯಿಂದ ಮಾತು ಬರಲಿಲ್ಲ. ಬೆಂಗಳೂರಿನ ಹುಡುಗಿಗೆ ಕಿವಿ ಕೇಳಿಸದು ಎಂಬ ಸುದ್ದಿ ಮಾತ್ರ ಆ ಸೀಮೆಯ ಊರೂರಿಗೂ ಹೋಯಿತು. ಅಪ್ಪ ಮತ್ತೆ ಊರು ನೋಡಲು ಕರೆದುಕೊಂಡು ಹೋಗಲಿಲ್ಲ. ಅಕ್ಕ ಹೊಲಿಗೆ ಕಲಿತಳು. ಅವಳ ಮಿಷನ್ನಿನ ಸದ್ದಿನಲ್ಲೇ ನಾನು ಓದಿದೆ, ಮದುವೆಯಾದೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ನಮ್ಮ ಮನೆಗೇ ಬಂದು ಶೈಲಳನ್ನು ನನಗಿಂತ ಹೆಚ್ಚಾಗಿ ಸಾಕಿದಳು. ಶೈಲ ಮಾತು ಕಲಿಯುವ ಮುಂಚೆಯೇ ದೊಡ್ಡಮ್ಮನ ಬಲಗಡೆ ಹೋಗಿ ಕೂರುವುದನ್ನು ಕಲಿತಿದ್ದಳು.

ನನ್ನ ಮದುವೆಗೆ ಎರಡು ದಿನ ಇರುವಾಗ ಅಕ್ಕ ನನ್ನ ರವಿಕೆಗೆ ಕೊಕ್ಕೆ ಹಚ್ಚುತ್ತಿದ್ದಳು. ನಾನು ಏನನ್ನೂ ಕೇಳಿರಲಿಲ್ಲ. ಅವಳಾಗಿಯೇ, "ಬಿಳಿಗೆರೇಲಿ ನೀನು ಹೇಳದೆ ಇದ್ದಿದ್ರೆ ನಾನೇ ಹೇಳ್ತಿದ್ದೆ ಕಣೇ. ಮುಚ್ಚಿಟ್ಕೊಂಡು ಸಂಸಾರ ಮಾಡೋಕಾಗುತ್ತಾ? ಅದೂ ಅಲ್ದೆ ನಂಗೆ ಆ ಮನೆ ಅಷ್ಟೇನೂ ಹಿಡಿಸ್ಲಿಲ್ಲ" ಎಂದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಮಧ್ಯಾಹ್ನ ಒಬ್ಬಟ್ಟನ್ನು ಎರಡು ಹೆಚ್ಚಾಗಿಯೇ ತಿಂದೆ. ಆ ಮಾತನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಅಕ್ಕ ಹೋಗಿ ಎರಡು ವರ್ಷವಾಯಿತು. ಅವಳ ತಗಡಿನ ಪೆಟ್ಟಿಗೆಯನ್ನು ತೆಗೆದದ್ದು ಹೋದ ತಿಂಗಳು. ತಳದಲ್ಲಿ ಹಸಿರು ವಾಯಿಲ್ ಸೀರೆ, ಮಡಿಕೆಯಲ್ಲೇ ಹರಿದುಹೋಗಿತ್ತು. ಅದರೊಳಗೆ ಒಂದು ಕಾಯಿ. ಬಿಳಿಗೆರೆಯಿಂದ ಬಂದ ಆ ಕಾಯಿ ಏನಾಯಿತೆಂದು ನಾವು ಯಾರೂ ಯೋಚಿಸಿರಲೇ ಇಲ್ಲ. ಅಮ್ಮ ಯಾವುದೋ ಹಬ್ಬಕ್ಕೆ ತುರಿದಿರಬೇಕೆಂದುಕೊಂಡಿದ್ದೆ. ಚಿಪ್ಪು ಕೈಯಾಡಿ ಕೈಯಾಡಿ ನುಣುಪಾಗಿತ್ತು. ಹಿಡಿಸದ ಮನೆಯ ಕಾಯನ್ನು ಯಾರೂ ಹಾಗೆ ಇಟ್ಟುಕೊಳ್ಳುವುದಿಲ್ಲ. ನಾನು ಆ ಪೆಟ್ಟಿಗೆಯ ಮುಂದೆ ಕೂತು ಅತ್ತೆ. ಅವಳು ಸತ್ತ ದಿನ ಕೂಡ ಅಷ್ಟು ಅತ್ತಿರಲಿಲ್ಲ.

ಇದನ್ನೆಲ್ಲ ಶೈಲಳಿಗೆ ಹೇಳಿ ಮುಗಿಸುವಷ್ಟರಲ್ಲಿ ಕೊಬ್ಬರಿ ಹೆಚ್ಚಿ ಮುಗಿದಿತ್ತು. ಅವಳು ಮೊಬೈಲನ್ನು ಯಾವಾಗಲೋ ಕೆಳಗಿಟ್ಟಿದ್ದಳು. "ಹೋಗಿಬರೋಣವಾ ಅಮ್ಮ?" ಎಂದಳು.

ಹಬ್ಬ ಕಳೆದ ಭಾನುವಾರ ಹೊರಟೆವು. ಕಾರು ಮಾಡೋಣ ಎಂದವಳಿಗೆ ರೈಲೇ ಆಗಬೇಕೆಂದೆ. ಈಗ ಹೊಗೆಯಿಲ್ಲ, ಕಣ್ಣಿಗೆ ಇದ್ದಿಲು ಬೀಳುವುದಿಲ್ಲ. ಶೈಲ ಓಡಿಹೋಗಿ ಕಿಟಕಿ ಬಲಕ್ಕೆ ಬರುವ ಸೀಟು ಹಿಡಿದು ನನ್ನನ್ನು ಕರೆದಳು, ದೊಡ್ಡಮ್ಮ ಕಲಿಸಿದ ಅಭ್ಯಾಸ. ಬೇಡ ಎಂದು ಎದುರಿನ ಸೀಟಿಗೆ ಹೋದೆ. ಅಲ್ಲಿ ಕಿಟಕಿ ಎಡಕ್ಕೆ ಬರುತ್ತದೆ. ಅಕ್ಕನ ಕಾಯಿ ಇದ್ದ ಚೀಲವನ್ನು ಕಿಟಕಿಯ ಪಕ್ಕ ಇಟ್ಟು, ಅದರ ಬಲಗಡೆ ಕೂತೆ. ಗಾಡಿ ಹೊರಟಿತು. ಚೀಲದೊಳಗೆ ಕೈ ಹಾಕಿದೆ. ಗಾಡಿಯ ಅಲುಗಾಟಕ್ಕೆ ಕಾಯಿಯೊಳಗೆ ಕೊಬ್ಬರಿ ಉರುಳುವುದು ಅಂಗೈಗೆ ತಿಳಿಯುತ್ತಿತ್ತು.

"ಅಕ್ಕ, ತಪ್ಪಾಯ್ತು ಕಣೇ" ಎಂದೆ.